ಸತುವಿನ ಕೊಪ್ಪರಿಗೆ

ಬೇಸಿಗೆಯ ಚಿತ್ತಿರೆ ತಿಂಗಳ ಮೊದಲ ಮಂಗಳವಾರ. ಆ ಬೆಳಿಗ್ಗೆ ತಮಿಳು ಸೀಮೆಯ ಸೂಲೂರಿನಲ್ಲಿ ಗಾಳಿಯೇ ಹುಟ್ಟಿರಲಿಲ್ಲ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗಿ ಬರುವ ಗಾಳಿಗೆ ಇನ್ನೂ ಒಂದು ತಿಂಗಳು ಬೇಕು. ಅಲ್ಲಿಯವರೆಗೆ ಊರು ಒಲೆಯ ಮೇಲಿಟ್ಟು ಮರೆತ ಬಾಣಲೆ. ಆರು ಗಂಟೆಗೇ ಗೋಡೆ ಮುಟ್ಟಿದರೆ ಬೆಚ್ಚಗೆ. ಬೇವಿನ ಒಂದೆಲೆಯೂ ಅಲುಗಲಿಲ್ಲ. ಮಂಗಳವಾರವಾದ್ದರಿಂದ ದೇವಾಂಗರ ಬೀದಿಯಲ್ಲಿ ಪವರ್‌ಲೂಮಿನ ಸದ್ದೂ ಇರಲಿಲ್ಲ. ಕುಲದೇವತೆ ಚೌಡಮ್ಮನ ದಿನ ಮಧ್ಯಾಹ್ನದವರೆಗೆ ಅಲ್ಲಿ ಯಾರೂ ಮಗ್ಗ ಓಡಿಸುವುದಿಲ್ಲ.

ಆ ಸದ್ದಿಲ್ಲದ ಬೀದಿಯಲ್ಲಿ ನಾಗರಾಜ ಮತ್ತು ಅವನ ಗೆಳೆಯ ಮೈಲ್‌ಸಾಮಿ ಒಂದು ಕೊಪ್ಪರಿಗೆಯನ್ನು ಆಚೆ ಈಚೆ ಹಿಡಿದು, ತೊಟ್ಟಿಲು ಹೊತ್ತವರ ಹಾಗೆ ಮೆಲ್ಲಗೆ ನಡೆಸಿಕೊಂಡು ಗುಡಿಯ ಕಡೆ ಬಂದರು.

ಹೊಸ ಕೊಪ್ಪರಿಗೆ. ಕಬ್ಬಿಣದ ತಗಡಿನದು, ಮೇಲೆ ಸತುವಿನ ಹೊದಿಕೆ. ಬೆಳಗಿನ ಬೆಳಕು ಬಿದ್ದ ಕಡೆಯೆಲ್ಲ ಅದರ ಮೈಮೇಲೆ ಹೂವು ಬಿಟ್ಟಿತ್ತು. ಕರಗಿದ ಸತು ಆರುವಾಗ ತಾನೇ ಬಿಡಿಸಿಕೊಳ್ಳುವ ಹೂವು ಅದು, ಎಸಳು ಎಸಳಾಗಿ, ಒಂದರ ಹಾಗೆ ಇನ್ನೊಂದಿಲ್ಲ. ಸತುವಿನ ಕೆಲಸದವರು ಅದನ್ನೇ ನೋಡಿ ಕೆಲಸ ಒಳ್ಳೆಯದೋ ಕೆಟ್ಟದ್ದೋ ಹೇಳುತ್ತಾರೆ.

ನಾಗರಾಜ ಮೂವತ್ತೊಂದು ವರ್ಷ ಆ ಕೆಲಸ ಮಾಡಿದವನು. ಊರಾಚೆಯ ಒಂದು ಪಟ್ಟರೆ, ಸಣ್ಣ ಕಾರ್ಖಾನೆ. ಅಲ್ಲಿ ಬಾವಿಯಷ್ಟು ದೊಡ್ಡ ತೊಟ್ಟಿಯಲ್ಲಿ ಕುದಿಯುವ ಸತು. ಕಬ್ಬಿಣವನ್ನು ಮೊದಲು ಆಸಿಡ್ಡಿನಲ್ಲಿ ತೊಳೆದು, ಒಣಗಿಸಿ, ಅದರೊಳಗೆ ಮುಳುಗಿಸಿ ಎತ್ತಬೇಕು. ಎತ್ತಿದ ಮೇಲೆ ಅದಕ್ಕೆ ತುಕ್ಕಿಲ್ಲ. ಮಳೆಯೋ ಬಿಸಿಲೋ ಕಬ್ಬಿಣದ ಮೇಲೆ ಕೈ ಇಡಲು ಬಂದರೆ ಸತು ಅಡ್ಡ ನಿಂತು 'ಮೊದಲು ನನ್ನನ್ನು ತಿನ್ನು' ಅನ್ನುತ್ತದೆ. ಹಾಗೆ ತನ್ನನ್ನೇ ಕೊಟ್ಟುಕೊಳ್ಳುತ್ತ ನಲವತ್ತು ವರ್ಷ ಕಾಯುತ್ತದೆ.

ಅವನು ಮುಳುಗಿಸಿ ಎತ್ತಿದ್ದೆಲ್ಲ ಎಲ್ಲೆಲ್ಲಿಗೋ ಹೋಗಿತ್ತು. ಉಡುಮಲೈಪೇಟೆಯ ಗಾಳಿಯಂತ್ರಗಳ ಏಣಿ, ಹೈವೇ ಪಕ್ಕದ ತಡೆಪಟ್ಟಿ, ಕರೆಂಟಿನ ಗೋಪುರ, ಕೋಳಿಫಾರಮ್ಮಿನ ಗೂಡು, ತೆಂಗಿನ ತೋಟದ ಬೇಲಿ. ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಕೈ ತೋರಿಸಿ, "ನೋಡು ಚಂದ್ರಾ, ಅದು ನಂದು" ಅನ್ನುವುದು ಅವನಿಗೆ ಅಭ್ಯಾಸ.

ಹೆಂಡತಿ ಚಂದ್ರಾ ಬಿಡುವವಳಲ್ಲ. "ಹೌದೌದು, ಲೋಕದ ಕಂಬ ಎಲ್ಲಾ ನಿಮ್ದೇ. ಮನೆ ಬಚ್ಚಲಲ್ಲಿ ಮಾತ್ರ ಪ್ಲಾಸ್ಟಿಕ್ ಬಕೆಟ್ಟು."

ಆದರೆ ಈ ಕೊಪ್ಪರಿಗೆಯ ಹಿಂದೆ ಒಂದು ಹರಕೆ ಇತ್ತು. ಹನ್ನೆರಡು ವರ್ಷದ ಹಿಂದೆ ಸರಿಯಾಗಿ ಒಣಗದ ಪೈಪೊಂದು ತೊಟ್ಟಿಗಿಳಿದು, ಒಳಗಿನ ತೇವ ಸಿಡಿದು, ಕುದಿಯುವ ಸತುವಿನ ಹನಿ ನಾಗರಾಜನ ಮುಖಕ್ಕೆ ಹಾರಿತ್ತು. ಬಲ ಹುಬ್ಬಿನ ಮೇಲೆ ಬಿತ್ತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು ಹೋಗುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಅವನು ಚೌಡಮ್ಮನಿಗೆ ಹೇಳಿಕೊಂಡಿದ್ದ: "ತಾಯೇ, ಕಣ್ಣು ಉಳಿಸಿದೆ. ನನ್ನ ಕೈಯಾರೆ ಎತ್ತಿದ ಸಾಮಾನೊಂದನ್ನ ನಿನ್ನ ಬಾಗಿಲಿಗೆ ತಂದಿಡ್ತೀನಿ." ವರ್ಷಗಳು ಉರುಳಿದವು. ಕಳೆದ ತಿಂಗಳು, ಪಂಗುಣಿಯ ಕೊನೆಯಲ್ಲಿ, ಕೆಲಸದಿಂದ ನಿವೃತ್ತಿ. ಇನ್ನು ತೊಟ್ಟಿಯ ಹತ್ತಿರ ಅವನನ್ನು ಯಾರೂ ಬಿಡುವುದಿಲ್ಲ. ಕೊನೆಯ ದಿನ ಯಜಮಾನರು, "ನಿಂಗಂತ ಏನಾರ ಒಂದು ಮುಳುಗಿಸ್ಕೊಂಡು ಹೋಗು, ನಾಗರಾಜಾ" ಎಂದಾಗ, ಅವನು ವೆಲ್ಡಿಂಗ್ ಮಾಡಿಸಿ ಸಿದ್ಧವಾಗಿಟ್ಟಿದ್ದ ಈ ಕೊಪ್ಪರಿಗೆಯನ್ನು ಇಳಿಸಿದ. ಅವನ ಬದುಕಿನ ಕೊನೆಯ ಮುಳುಗು ಅದು. ಹರಕೆ ತೀರಿಸಲು ಇನ್ನೊಂದು ಸಾಮಾನು ಇರಲಿಲ್ಲ.

ಕೊಪ್ಪರಿಗೆಯೇ ಯಾಕೆ ಅಂದರೆ, ಮಜ್ಜಿಗೆಗೆ. ಚಿತ್ತಿರೆಯ ಮಂಗಳವಾರಗಳಲ್ಲಿ ಆ ಬೀದಿಯವರು ಗುಡಿಯ ಮುಂದೆ ಚಪ್ಪರ ಹಾಕಿ, ದಾರಿಹೋಕರಿಗೆ ನೀರುಮಜ್ಜಿಗೆ ಕೊಡುತ್ತಾರೆ. ಸರಸ್ವತಮ್ಮನ ಮನೆಯ ದೊಡ್ಡ ಹಿತ್ತಾಳೆ ಹಂಡೆಯಲ್ಲೇ ಅದು ನಡೆದುಕೊಂಡು ಬಂದಿತ್ತು. ಹಂಡೆಯ ಒಳಗಿನ ಕಲಾಯಿ ಸವೆದುಹೋಯಿತು. ಕಲಾಯಿ ಹಾಕುವವನು ಬರುವುದು ನಿಂತುಹೋಯಿತು. ಕಲಾಯಿ ಇಲ್ಲದ ಹಿತ್ತಾಳೆಗೆ ಹುಳಿ ಹಾಕಿದರೆ ಕಿಲುಬು ಎಂದು ಆ ಬೀದಿಯ ಮಗುವಿಗೂ ಗೊತ್ತು. ಹಾಗಾಗಿ ಎರಡು ವರ್ಷದಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಬೀದಿಗೆಲ್ಲ ಅತ್ತೆಯಾದ ಎಪ್ಪತ್ತಾರು ವರ್ಷದ ಸರಸ್ವತಮ್ಮ ಅದನ್ನು ನೋಡಿದಾಗೆಲ್ಲ ಮುಖ ಸಿಂಡರಿಸುತ್ತಿದ್ದರು.

ಈಗ ಅವರು ಹೊಸ ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದು, ಒಳಗೆ ಕೈ ಆಡಿಸಿದರು.

"ಹೊಸ ಬೆಳ್ಳಿ ಇದ್ದಂಗಿದೆ ಕಣೋ. ಕಲಾಯಿನೇನೋ ಇದೂ?"

"ಅಂಥದ್ದೇ ಅತ್ತೆ," ಎಂದ ನಾಗರಾಜ, ಹೆಮ್ಮೆಯಿಂದ. "ಅದೂ ಬೆಳ್ಳಗೆ, ಇದೂ ಬೆಳ್ಳಗೆ. ಕಲಾಯಿ ಎರಡು ವರ್ಷಕ್ಕೆ ಸವೀತದೆ. ಇದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ."

ಆ ಮಾತನ್ನು ಅವನು ನಂಬಿಯೇ ಹೇಳಿದ. ಅದೇ ತಪ್ಪಾದದ್ದು.

ಏಳು ಗಂಟೆಯೊಳಗೆ ಮನೆಮನೆಯಿಂದ ಮೊಸರು ಬಂತು. ಸರಸ್ವತಮ್ಮ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಪ್ಪರಿಗೆಯಲ್ಲೇ ಕಡೆದರು. ನೀರು, ಮುಷ್ಟಿ ಲೆಕ್ಕದ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಇಂಗು, ಮೇಲೆ ಮೂವತ್ತು ನಿಂಬೆಹಣ್ಣಿನ ರಸ. ಯಾರೂ ರುಚಿ ನೋಡಲಿಲ್ಲ. ಅದು ಕಟ್ಟಳೆ: ತಾಯಿಗೆ ತೋರಿಸುವ ಮೊದಲು ಮನುಷ್ಯರ ನಾಲಿಗೆ ತಾಗಬಾರದು. ಕಡೆಯುವಾಗ ಎಂಜಲ ಹನಿ ಬಿದ್ದೀತೆಂದು ಸರಸ್ವತಮ್ಮ ಮಾತೂ ಆಡುವುದಿಲ್ಲ. ಪೂಜಾರಿ ಲೋಗನಾಥನ್ ಮಂಗಳಾರತಿ ಮಾಡಿ, ಗುಡಿಯೊಳಗಿನ ಅಭಿಷೇಕಕ್ಕೆಂದು ಎರಡು ಕೊಡ ಮಜ್ಜಿಗೆ ಎತ್ತಿಕೊಂಡು ಒಳಗೆ ಹೋದ. ಹೊರಬರುವಾಗ ಒಂಬತ್ತಾಗಿತ್ತು.

ಇನ್ನೊಂದು ಕಟ್ಟಳೆ. ಮೊದಲ ಲೋಟ ಬೀದಿಯವರಿಗಲ್ಲ, ಗೊತ್ತಿಲ್ಲದ ದಾರಿಹೋಕರಿಗೆ. ಆ ವೇಷದಲ್ಲಿ ತಾಯಿಯೇ ಬರುತ್ತಾಳೆ ಅಂತ ನಂಬಿಕೆ. ಹರಕೆಯವನಾದ್ದರಿಂದ ಈ ಸಲ ಸೌಟು ನಾಗರಾಜನ ಕೈಗೆ ಬಂತು.

ದಾರಿಯಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ನಲವತ್ತರ ಹತ್ತಿರ. ರಾತ್ರಿ ಪಾಳಿ ಮುಗಿಸಿದ ಮಿಲ್ಲಿನವಳು, ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ. ಮಿಲ್ಲಿನ ಬಿಳಿ ವ್ಯಾನು ಎದುರಿನ ಅಂಗಡಿ ಹತ್ತಿರ ನಿಂತಿತ್ತು. ಡ್ರೈವರು ಟೀ ಕುಡಿಯುತ್ತಿದ್ದ. ಅಷ್ಟರಲ್ಲಿ ಅವಳು ಇಳಿದು, ಮಾತ್ರೆ ಕೊಂಡು ವಾಪಸು ಹೊರಟಿದ್ದಳು.

"ವಾಮ್ಮಾ, ಬಾಮ್ಮಾ, ನೀನೇ ಮೊದಲು," ಎಂದು ನಾಗರಾಜ ತಮಿಳು ಕನ್ನಡ ಎರಡರಲ್ಲೂ ಕರೆದ.

"ನಾನಾ?" ಎಂದು ಅವಳು ತಮಿಳಿನಲ್ಲಿ ಕೇಳಿ ಹಿಂದೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ನಾಚಿ, ಚಪ್ಪಲಿ ಬಿಟ್ಟು, ಎರಡು ಕೈಯಲ್ಲಿ ಲೋಟ ತೆಗೆದುಕೊಂಡಳು. ಕಣ್ಣಿಗೊತ್ತಿಕೊಂಡಳು.

ಇನ್ನೊಂದು ಲೋಟಕ್ಕೆಂದು ನಾಗರಾಜ ಸೌಟು ಇಳಿಸಿದ. ಆಗ ಕಂಡಿತು. ಎರಡು ಕೊಡ ತೆಗೆದಿದ್ದರಿಂದ ಮಜ್ಜಿಗೆಯ ಮಟ್ಟ ನಾಲ್ಕು ಬೆರಳು ಇಳಿದಿತ್ತು. ಮಜ್ಜಿಗೆ ಮುಟ್ಟದ ಮೇಲಿನ ಅಂಚಿನಲ್ಲಿ ಹೂವುಗಳು ಹಾಗೇ ಹೊಳೆಯುತ್ತಿದ್ದವು. ಅಷ್ಟು ಹೊತ್ತು ಮಜ್ಜಿಗೆ ನಿಂತು ಇಳಿದ ಆ ನಾಲ್ಕು ಬೆರಳ ಪಟ್ಟಿಯಲ್ಲಿ ಒಂದು ಹೂವೂ ಇರಲಿಲ್ಲ. ಬೂದಿ ಸವರಿದ ಹಾಗೆ ಮಂಕು.

ಆ ಮಂಕನ್ನು ಅವನು ಸಾವಿರ ಸಲ ನೋಡಿದ್ದ. ಸರಿಯಾಗಿ ಹಿಡಿಯದ ಸಾಮಾನನ್ನು ಪಟ್ಟರೆಯಲ್ಲಿ ಮತ್ತೆ ಆಸಿಡ್ಡಿಗೆ ಹಾಕುತ್ತಾರೆ, ಸತು ಕಳಚಲೆಂದು. ಕಳಚತೊಡಗಿದ ಸತುವಿನ ಬಣ್ಣ ಅದೇ. ಹುಳಿ ಸತುವನ್ನು ತಿನ್ನುತ್ತದೆ. ಮೂವತ್ತೊಂದು ವರ್ಷ ಅವನ ಕೈಗೆ ಗೊತ್ತಿದ್ದ ಸಂಗತಿ. ಪಟ್ಟರೆಯ ಆಸಿಡ್ಡೂ ತಾಯಿಯ ಮಜ್ಜಿಗೆಯೂ ಹುಳಿಯಲ್ಲಿ ಅಣ್ಣತಮ್ಮಂದಿರು ಎಂದು ಅವನ ಭಕ್ತಿಗೆ ಮಾತ್ರ ಹೊಳೆದಿರಲಿಲ್ಲ.

ಹೆಂಗಸಿನ ತುಟಿಗೆ ಲೋಟ ಮುಟ್ಟುವುದರಲ್ಲಿತ್ತು.

"ಬೇಡ!" ಎಂದು ಕೂಗಿ ನಾಗರಾಜ ಅವಳ ಕೈಯಿಂದ ಲೋಟ ಕಿತ್ತುಕೊಂಡ. ಮಜ್ಜಿಗೆ ಅವಳ ಸೀರೆಯ ಮೇಲೆ ಚೆಲ್ಲಿತು.

ಚಪ್ಪರದವರೆಲ್ಲ ತಿರುಗಿ ನೋಡಿದರು. ಬಾಯಾರಿದವರ ಕೈಯಿಂದ ಲೋಟ ಕಿತ್ತುಕೊಂಡರೆ ಏನರ್ಥ ಎಂದು ಆ ಸೀಮೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸಿನ ಮುಖ ಕಪ್ಪಿಟ್ಟಿತು. ಸೀರೆಯ ಮಜ್ಜಿಗೆ ಒರೆಸಿಕೊಳ್ಳಲೂ ಇಲ್ಲ.

"ನಾನೇನು ಬೇಕೂಂತ ಕೇಳಿದ್ನಾಂಗ? ಕೂಗಿದ್ದು ನೀವೇ ತಾನೇ. ಕೊಡಬಾರದು ಅಂತ ಇದ್ರೆ, ಮೊದಲೇ ಯಾರು ಅಂತ ಕೇಳಬೇಕಿತ್ತು," ಎಂದಳು, ಮೆಲ್ಲಗೆ, ತಮಿಳು ಬೆರೆತ ಮಾತಿನಲ್ಲಿ.

"ಅದಲ್ಲಮ್ಮಾ... ಅದು..." ಎಂದು ನಾಗರಾಜ ಶುರುಮಾಡಿದ. ವ್ಯಾನು ಹಾರ್ನ್ ಮಾಡಿತು. ಅವಳು ಚಪ್ಪಲಿ ಮೆಟ್ಟಿಕೊಂಡು ಹೋಗಿ ಹತ್ತಿದಳು. "ಸುಗನ್ಯಾ ಅಕ್ಕಾ, ಬೇಗ ಬಾ" ಎಂದು ಒಳಗಿನಿಂದ ಯಾರೋ ಕರೆದದ್ದು ಕೇಳಿಸಿತು. ವ್ಯಾನು ಹೋಯಿತು.

ನಾಗರಾಜ ಬೆರಳು ಅದ್ದಿ ನಾಲಿಗೆಗಿಟ್ಟುಕೊಂಡ. ಉಪ್ಪು ಹುಳಿಯ ಕೆಳಗೆ ಲೋಹದ ಒಗರು. ಸತುವಿನ ಹೊಗೆ ಕುಡಿದ ದಿನ ಬಾಯಲ್ಲಿ ನಿಲ್ಲುತ್ತಿದ್ದ ಅದೇ ರುಚಿ. ಒಂದು ಲೋಟ ಕುಡಿದರೆ ಹೊಟ್ಟೆ ತೊಳಸಿ ವಾಂತಿ. ಮಕ್ಕಳಾದರೆ ಇನ್ನೂ ಕಷ್ಟ.

ಮೈಲ್‌ಸಾಮಿ ಹತ್ತಿರ ಬಂದ. ಅವನೂ ಇಪ್ಪತ್ತು ವರ್ಷ ಅದೇ ತೊಟ್ಟಿಯ ಪಕ್ಕ ನಿಂತವನು. ಒಂದು ನೋಟಕ್ಕೆ ತಿಳಿಯಿತು. ಕಿವಿಯಲ್ಲಿ ಪಿಸುಗುಟ್ಟಿದ: "ಅಣ್ಣಾ, ಹಲ್ಲಿ ಬಿತ್ತು ಅಂತ ಹೇಳಿಬಿಡುಂಗ. ಚೆಲ್ಲಿಬಿಡೋಣ. ಯಾರೂ ಏನೂ ಅನ್ನಲ್ಲ. ಕೊಪ್ಪರಿಗೆ ತಾಯಿ ಮುಂದೆ ಉಳೀತದೆ, ನಿಮ್ಮ ಹರಕೆನೂ ಉಳೀತದೆ. ಆಮೇಲೆ ನೋಡ್ಕೊಳ್ಳೋಣ."

ಒಳ್ಳೆಯ ಸ್ನೇಹಿತನ ಒಳ್ಳೆಯ ಸುಳ್ಳು. ನಾಗರಾಜ ಗರ್ಭಗುಡಿಯ ಕಡೆ ನೋಡಿದ. ದೀಪ ಅಲುಗದೆ ಉರಿಯುತ್ತಿತ್ತು. ಸತ್ಯ ಹೇಳಿದರೆ ಹನ್ನೆರಡು ವರ್ಷದ ಹರಕೆ ಬೀದಿಯ ಮುಂದೆ ಹಳೇ ತಗಡಾಗುತ್ತದೆ. ಹಲ್ಲಿ ಎಂದರೆ ಕೊಪ್ಪರಿಗೆ ಉಳಿಯುತ್ತದೆ. ಮುಂದಿನ ಮಂಗಳವಾರ ಮತ್ತೆ ಅದರಲ್ಲೇ ಮಜ್ಜಿಗೆ. ಆ ಹೆಂಗಸಿನ ಕೈಯಿಂದ ಲೋಟ ಕಿತ್ತದ್ದು ಏನಾಗುತ್ತದೆ? ಬೀದಿಯವರು ಏನೆಂದುಕೊಂಡರೋ ಹಾಗೇ ಉಳಿದುಬಿಡುತ್ತದೆ.

"ತಪ್ಪು ನಂದು," ಎಂದು ಅವನು ಜೋರಾಗಿ ಹೇಳಿದ. "ಆ ಹೆಣ್ಣುಮಗಳದಲ್ಲ. ಕೊಪ್ಪರಿಗೆದು. ಸತು ಮಜ್ಜಿಗೆಗೆ ಆಗಲ್ಲ. ಹುಳಿಗೆ ಕರಗಿ ಬೆರೆತುಬಿಟ್ಟಿದೆ. ನನಗೆ ಗೊತ್ತಿರಬೇಕಿತ್ತು. ಬೇರೆ ಯಾರಿಗಾದ್ರೂ ತಿಳೀದೆ ಇರ್ಬಹುದು, ನನಗೆ ಗೊತ್ತಿರಬೇಕಿತ್ತು. ಯಾರೂ ಕುಡೀಬೇಡಿ."

ಲೋಗನಾಥನ್ ಬೆವರು ಒರೆಸಿಕೊಂಡ. "ಏನಪ್ಪಾ ಇದು, ತಾಯಿಗೆ ತೋರಿಸಿ ಆಗಿದೆ. ಪ್ರಸಾದ ಅಂತ ಆದ್ಮೇಲೆ ಮಣ್ಣಿಗೆ ಹಾಕೋದಾ? ಅಭಿಷೇಕನೂ ಆಗೋಯ್ತು!"

ಎಲ್ಲರೂ ಸರಸ್ವತಮ್ಮನ ಮುಖ ನೋಡಿದರು. ಅವರು ಮುದುರಿದ ಮೊಣಕಾಲು ಹಿಡಿದು ಎದ್ದರು.

"ಲೋಗು, ಅವಳ ಗಂಡ ಹಾಲಾಹಲ ಕುಡಿದು ತಡ್ಕೊಂಡೋನು. ಆ ಮನೆಯವರಿಗೆ ಅಭ್ಯಾಸ ಉಂಟು. ನಮ್ಮ ಮಕ್ಕಳಿಗಿಲ್ಲ. ಕಾಲು ತುಳೀದ ಕಡೆ ಗುಂಡಿ ತೋಡು, ಹೋಗು."

ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನಲ್ಲಿ ಚಪ್ಪರ ಮತ್ತೆ ಉಸಿರಾಡಿತು. ಗುಡಿಯ ಹಿಂದೆ ಗುಂಡಿ ತೋಡಿದರು. ನಾಗರಾಜನೂ ಮೈಲ್‌ಸಾಮಿಯೂ ಕೊಪ್ಪರಿಗೆಯನ್ನು ಹೊತ್ತು ತಂದು ಬಗ್ಗಿಸಿದರು. ಬೀದಿಯ ಹದಿನೆಂಟು ಮನೆಯ ಮೊಸರು ಬೆಳ್ಳಗೆ ಸುರಿದು ಮಣ್ಣಿಗಿಳಿಯುವಾಗ ಅವನಿಗೆ ಕಣ್ಣೆತ್ತಿ ನೋಡಲಾಗಲಿಲ್ಲ.

ಅವನು ನೋಡದಿದ್ದಾಗ ಸರಸ್ವತಮ್ಮ ಮನೆಗೆ ಹೋಗಿ, ಉಳಿದಿದ್ದ ಮೊಸರಿನ ಗಡಿಗೆಯನ್ನೇ ಎತ್ತಿಕೊಂಡು ಬಂದಿದ್ದರು. ಎವರ್‌ಸಿಲ್ವರ್ ಸ್ಟೀಲಿನ ಕೊಡವೊಂದಕ್ಕೆ ಅದನ್ನು ಬಗ್ಗಿಸಿ, ತಳ ತಟ್ಟಿದರು.

"ಅಯ್ಯೋ ಅತ್ತೆ, ಹೆಪ್ಪಿಗಾದರೂ ಒಂದು ಚಮಚ ಇಟ್ಕೊಳ್ಳಿ," ಎಂದಳು ಚಂದ್ರಾ.

"ಸಂಜೆ ಹೆಪ್ಪಿಗೆ ನಿಮ್ಮನೆಗೆ ಬರ್ತೀನಿ. ದೀಪ ಹಚ್ಚೋ ಮೊದ್ಲೇ ಬರ್ತೀನಿ, ಹೆದರ್ಬೇಡ. ನೀನೂ ತಾ."

ಒಬ್ಬರನ್ನು ನೋಡಿ ಒಬ್ಬರು ತಂದರು. ಇದ್ದವರು ಮೊಸರು, ಇಲ್ಲದವರು ನಿಂಬೆಹಣ್ಣು. ಹನ್ನೊಂದು ಗಂಟೆಗೆ ಆರು ಕೊಡ ಮಜ್ಜಿಗೆ ಎದ್ದಿತು. ನೀರು ಸ್ವಲ್ಪ ಹೆಚ್ಚು, ಅಷ್ಟೇ. ದಾರಿಹೋಕರು ಕುಡಿದರು. ಬಸ್ಸು ನಿಲ್ಲಿಸಿ ಕಂಡಕ್ಟರು ಕುಡಿದ.

ಖಾಲಿ ಕೊಪ್ಪರಿಗೆ ಗೋಡೆಗೊರಗಿತ್ತು. ನಾಗರಾಜ ಅದನ್ನು ತೊಳೆದು ಮನೆಗೆ ಸಾಗಿಸಲು ಮೈಲ್‌ಸಾಮಿಯನ್ನು ಕರೆದ. ಸರಸ್ವತಮ್ಮ ತಡೆದರು.

"ಎಲ್ಲಿಗೆ?"

"ಮನೆಗೆ ಅತ್ತೆ. ತಾಯಿ ಒಲ್ಲೆ ಅಂದ್ಳು."

"ನಿನ್ನ ಕಿವೀಲಿ ಬಂದು ಹೇಳಿದ್ಳಾ? ಲೇ, ಇದರಲ್ಲಿ ನೀರು ಹಾಕಿದ್ರೆ ಏನಾಗ್ತದೆ?"

"ನೀರಿಗೇನೂ ಆಗಲ್ಲ. ಅದಕ್ಕೇಂತಲೇ ಇರೋದು. ಬಿಸಿಲು ಮಳೆ ಎಲ್ಲಾ ತಡೀತದೆ."

"ಮತ್ತೆ? ಗುಡಿಗೆ ಬರೋರು ಕಾಲು ತೊಳ್ಕೊಂಡೇ ಒಳಗೆ ಬರ್ಬೇಕು. ಮಣ್ಣ ತೊಟ್ಟಿ ಸೀಳಿ ಎಷ್ಟು ವರ್ಷ ಆಯ್ತು? ನೀನು ತಾಯಿಗೆ ಏನಂತ ಹೇಳ್ಕೊಂಡಿದ್ದು, ನೈವೇದ್ಯದಲ್ಲಿ ಇಡ್ತೀನಿ ಅಂತಾನಾ?"

ನಾಗರಾಜ ನೆನಪಿಸಿಕೊಂಡ. ಬಾಗಿಲಿಗೆ ತಂದಿಡ್ತೀನಿ. ಅಷ್ಟೇ ಹೇಳಿದ್ದು.

ಮೆಟ್ಟಿಲ ಬಲಗಡೆ, ಬಿಸಿಲಲ್ಲಿ, ಕೊಪ್ಪರಿಗೆ ಕೂತಿತು. ಕೊಡ ಕೊಡ ನೀರು ಸುರಿದರು. ಮೊದಲು ಕಾಲು ತೊಳೆದದ್ದು ಸರಸ್ವತಮ್ಮ. "ತಣ್ಣಗಿದೆ," ಎಂದರು. ನಾಗರಾಜನ ಕಣ್ಣು ತುಂಬಿತು, ಬೆವರೆಂದು ಒರೆಸಿಕೊಂಡ.

ಆದರೆ ಮನೆಗೆ ಬಂದ ಮೇಲೆ ಅನ್ನ ಇಳಿಯಲಿಲ್ಲ.

"ಇನ್ನೇನು? ತಾಯಿ ತಗೊಂಡ್ಳಲ್ಲ," ಎಂದಳು ಚಂದ್ರಾ.

"ಮೊದಲ ಲೋಟ ಕೊಟ್ಟಿಲ್ಲ ಕಣೇ. ಇನ್ನೂರು ಜನ ಕುಡಿದ್ರು. ಮೊದಲನೇದು ನನ್ನ ಕೈಲೇ ಉಳಿದಿದೆ."

ಚಂದ್ರಾ ತಮಾಷೆ ಮಾಡಲಿಲ್ಲ. ಸಂಜೆ ಹಾಲು ಕಾಸಿ, ಒಂದು ಚಮಚ ಹೆಪ್ಪನ್ನು ಸರಸ್ವತಮ್ಮನಿಗೆ ಕೊಟ್ಟು, ಉಳಿದದ್ದರಲ್ಲಿ ತಮ್ಮ ಮನೆಯ ಹಾಲಿಗೂ ಹೆಪ್ಪು ಹಾಕಿದಳು.

ಮಾರನೆಯ ಬೆಳಿಗ್ಗೆ ಕಡೆದು ಕೊಡುವಾಗ ಚಂದ್ರಾ ಒಂದು ಮಾತು ಸೇರಿಸಿದಳು: "ರುಚಿ ನೋಡಿ. ಇವತ್ತು ಇದು ಮನುಷ್ಯರಿಗೆ ಹೋಗ್ತಿರೋದು." ಅವನು ಅಂಗೈಯಲ್ಲಿ ಹಾಕಿಕೊಂಡು ಕುಡಿದ. ಚೆನ್ನಾಗಿತ್ತು.

ವ್ಯಾನಿನ ಹಿಂದೆ ಬರೆದಿದ್ದ ಮಿಲ್ಲಿನ ಹೆಸರು ಮೈಲ್‌ಸಾಮಿಗೆ ನೆನಪಿತ್ತು. ಎಂಟಕ್ಕೆ ಮೊದಲೇ ನಾಗರಾಜ ಮೊಪೆಡ್ಡಿನಲ್ಲಿ ಮಿಲ್ಲಿನ ಗೇಟಿಗೆ ಹೋಗಿ, ಮಜ್ಜಿಗೆ ತುಂಬಿದ ಸ್ಟೀಲ್ ತೂಕು ಪಾತ್ರೆ ಹಿಡಿದು ನಿಂತ. ವಾಚ್‌ಮನ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಏನು ವ್ಯಾಪಾರ ಇಲ್ಲಿ? ಗೇಟಿನ ಮುಂದೆ ಮಾರೋ ಹಂಗಿಲ್ಲ."

"ಮಾರಕ್ಕಲ್ಲ ಸಾಮಿ. ಒಬ್ಬರಿಗೆ ಕೊಡೋದಿದೆ."

"ಯಾರಿಗೆ? ನಿಮ್ಮ ನೆಂಟರಾ?"

ನಾಗರಾಜ ಸ್ವಲ್ಪ ಯೋಚಿಸಿ, "ಹೌದು," ಎಂದ.

ಸೈರನ್ ಆಯಿತು. ಹೆಂಗಸರು ಗುಂಪುಗುಂಪಾಗಿ ಬಂದರು, ತಲೆಯ ಹತ್ತಿ ಕೊಡವಿಕೊಳ್ಳುತ್ತ. ಸುಗನ್ಯಾ ಅವನನ್ನು ಮೊದಲು ಕಂಡಳು. ನಿಂತಳು. ಜೊತೆಯವರು ಮುಂದೆ ಹೋದರು.

"ಅಮ್ಮಾ," ಎಂದ ನಾಗರಾಜ. "ನಿನ್ನೆ ಪಾತ್ರೆ ಕೆಟ್ಟಿತ್ತು. ನಾನು ಮಾಡಿದ ಪಾತ್ರೆ. ಅದರ ಲೋಹ ಮಜ್ಜಿಗೆಗೆ ಇಳಿದಿತ್ತು. ನೀವು ಕುಡಿದಿದ್ರೆ ಹುಷಾರು ತಪ್ತಿತ್ತು. ಅಷ್ಟೇ. ಬೇರೆ ಏನೂ ಇಲ್ಲ. ಹೇಳೋಕೆ ಆಗ್ಲಿಲ್ಲ."

ಅವಳು ಅವನ ಮುಖವನ್ನು ನೋಡಿದಳು. ಹುಬ್ಬಿನ ಮೇಲಿನ ಸುಟ್ಟ ಕಲೆಯನ್ನೂ ನೋಡಿದಳು.

"ರಾತ್ರಿಯೆಲ್ಲ ಅದೇ ಯೋಚನೆ ನಂಗೆ," ಎಂದಳು. "ನೂಲು ಎಷ್ಟು ಸಲ ಕಡೀತು ಗೊತ್ತಾಂಗ."

"ನನಗೂ ನಿದ್ದೆ ಇಲ್ಲಮ್ಮಾ."

ಅವನು ತೂಕಿನ ಮುಚ್ಚಳ ತೆಗೆದು ಲೋಟ ತುಂಬಿದ. ಕರಿಬೇವಿನ ಎಲೆಯೊಂದು ಮೇಲೆ ತೇಲಿತು. ಸುಗನ್ಯಾ ಚೀಲವನ್ನು ನೆಲಕ್ಕಿಟ್ಟು, ಕೈಗಳನ್ನು ಸೀರೆಗೆ ಒರೆಸಿಕೊಂಡು ಮುಂದೆ ಚಾಚಿದಳು. ಅವನು ಎರಡು ಕೈಯಲ್ಲೂ ಹಿಡಿದು, ಲೋಟವನ್ನು ಅವಳ ಕೈಗಿಟ್ಟ.